ಸರದಿಯಲ್ಲಿದ್ದ ಹೆಸರು

ತೀರಿಕೊಂಡವರಿಂದ ದಾನವಾಗಿ ಬರುವ ಕಿಡ್ನಿಯ ಕಸಿಗೆ ಕಾಯುವ ರೋಗಿಗಳ ಹೆಸರನ್ನು ಸರದಿಗೆ ನೋಂದಾಯಿಸಲು ಇನ್ನು ಮುಂದೆ ರಿಸೆಪ್ಷನ್‌ನವರೇ ನೆರವಾಗಬೇಕು ಎಂದು ಅತ್ತಿಗುಪ್ಪೆಯ ಆ ಆಸ್ಪತ್ರೆಯಲ್ಲಿ ತೀರ್ಮಾನವಾದಾಗ ಶಶಿಕಲಾಗೆ ಒಳಗೊಳಗೇ ಖುಷಿಯಾಯಿತು. ಡಯಾಲಿಸಿಸ್ ವಿಭಾಗದ ಮುಂದಿನ ಮೇಜಿನಲ್ಲಿ ಕೂತು ಬಿಲ್ಲು ಹರಿದುಕೊಡುತ್ತಲೇ ಅವಳಿಗೆ ವರ್ಷಗಳು ಕಳೆದಿದ್ದವು. ವಾರಕ್ಕೆ ಮೂರು ಸಲ ಬಂದು, ನಾಲ್ಕು ಗಂಟೆ ಮಲಗಿ, ಬಾಡಿದ ಮುಖ ಹೊತ್ತು ಹೋಗುವ ಜನರಿಗೆ ಈಗ ಕೊನೆಗೂ ಏನೋ ಒಂದು ಕೊಡಬಹುದು ಅನ್ನಿಸಿತ್ತು.

ತರಬೇತಿ ಕೊಡಲು ಬಂದವಳು ಕಸಿ ವಿಭಾಗದ ರಾಗಿಣಿ. ಯಾವ ಪರೀಕ್ಷೆ ಮುಗಿದಿರಬೇಕು, ಯಾವ ಕಾಗದ ಬೇಕು ಎಂಬುದನ್ನೆಲ್ಲ ಅರ್ಧ ದಿನದಲ್ಲಿ ಹೇಳಿ ಮುಗಿಸಿದಳು. ಉಳಿದರ್ಧ ದಿನ ಅವಳು ಕಲಿಸಿದ್ದು ಮಾತಾಡುವುದನ್ನು.

"ಶಶಿಕಲಾ, ನೀವು ಪೇಷೆಂಟ್. ನನ್ನ ಕೇಳಿ," ಅಂದಳು.

"ಮೇಡಂ, ನಂಗೆ ಕಿಡ್ನಿ ಸಿಗುತ್ತಾ?" ಎಂದು ಶಶಿಕಲಾ ನಾಚಿಕೊಂಡು ಕೇಳಿದಳು. ತರಬೇತಿಗೆ ಬಂದಿದ್ದ ಉಳಿದವರು ನಕ್ಕರು.

ರಾಗಿಣಿ ನಗಲಿಲ್ಲ. "ನಿಮ್ಮ ಹೆಸರು ಸರದಿಯಲ್ಲಿದೆ. ಯಾವಾಗ ಅಂತ ಯಾರಿಗೂ ಹೇಳಕ್ಕಾಗಲ್ಲ. ಮನೆಯವರು ಯಾರಾದ್ರೂ ಕೊಡೋ ಹಾಗಿದ್ರೆ ಡಾಕ್ಟರ್ ಹತ್ರ ಮಾತಾಡಿ. ಇಷ್ಟೇ ಹೇಳ್ಬೇಕು. ಬರುತ್ತೆ ಅನ್ಬೇಡಿ, ಬರಲ್ಲ ಅಂತಾನೂ ಅನ್ಬೇಡಿ. ಅವರು ನಿಮ್ಮ ಮಾತನ್ನ ಮನೆಗೆ ತಗೊಂಡು ಹೋಗ್ತಾರೆ."

ಶಶಿಕಲಾ ಮೊದಲು ನೋಂದಾಯಿಸಿದ್ದು ಮುನಿಯಣ್ಣನನ್ನು. ಐವತ್ತು ದಾಟಿದ ಮನುಷ್ಯ. ಮೂಡಲಪಾಳ್ಯದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದ. ಹೆಂಡತಿ ಪಟಾಲಮ್ಮ ಮೈಸೂರು ರಸ್ತೆಯ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಮಕ್ಕಳಿರಲಿಲ್ಲ. ಡಯಾಲಿಸಿಸ್ ಇಲ್ಲದ ದಿನ ಯಂತ್ರ ತುಳಿಯುತ್ತಾನೆಂದು, ಬೈದರೂ ಕೇಳುವುದಿಲ್ಲವೆಂದು ಅವಳು ದೂರುತ್ತಿದ್ದಳು. ಅವನು ಬಾಯಿ ಬಿಟ್ಟು ನಗುತ್ತಿದ್ದ. "ನೀರು ಜಾಸ್ತಿ ಕುಡಿಯೋ ಹಾಗಿಲ್ಲ, ಸುಮ್ನೆ ಕೂತ್ರೆ ಕುಡಿಬೇಕು ಅನ್ಸುತ್ತೆ ಮೇಡಂ. ಕೈಗೆ ಕೆಲಸ ಇದ್ರೆ ದಾಹ ಮರ್ತೋಗುತ್ತೆ."

ಹೆಸರು ಸರದಿಗೆ ಸೇರಿದ ಮೇಲೆ ಮುನಿಯಣ್ಣ ಪ್ರತಿ ಸಲವೂ ಮೇಜಿನ ಮುಂದೆ ನಿಂತು "ಏನಾದ್ರೂ ಫೋನ್ ಬಂತಾ?" ಎಂದು ಕೇಳುವುದು ರೂಢಿಯಾಯಿತು. ಶಶಿಕಲಾ ಕಲಿತದ್ದನ್ನೇ ಹೇಳುತ್ತಿದ್ದಳು. ಅವನು ತಲೆಯಾಡಿಸಿ ಒಳಗೆ ಹೋಗುತ್ತಿದ್ದ.

ಒಂದು ದಿನ ಡಯಾಲಿಸಿಸ್ ನಡುವೆ ಅವನ ರಕ್ತದೊತ್ತಡ ಕುಸಿಯಿತು. ಕಾಲು ಸೆಟೆದು ಅವನು ಚೀರಿದ್ದು ಹೊರಗಿನವರೆಗೂ ಕೇಳಿತು. ಮುಗಿಸಿಕೊಂಡು ಹೊರಬಂದಾಗ ನಿಲ್ಲಲಾರದೆ ಮೇಜು ಹಿಡಿದುಕೊಂಡ.

"ಮೇಡಂ, ಸಾಕಾಗಿದೆ. ನಿಜ ಹೇಳಿ. ನಂಗೆ ಬರುತ್ತಾ?"

ಅವನ ಕಣ್ಣು ನೋಡಿ ಶಶಿಕಲಾಗೆ ಕಲಿತದ್ದು ನಾಲಿಗೆಗೆ ಬರಲಿಲ್ಲ. "ಬರುತ್ತೆ ಅಣ್ಣ," ಅಂದಳು. "ಖಂಡಿತ ಬರುತ್ತೆ. ನೀವು ಧೈರ್ಯವಾಗಿರಿ."

ಮುನಿಯಣ್ಣ ಮೇಜು ಬಿಟ್ಟು ನೆಟ್ಟಗೆ ನಿಂತ. ಮುಂದಿನ ಸಲ ಬಂದಾಗ ಗಡ್ಡ ಬೋಳಿಸಿಕೊಂಡಿದ್ದ. ಶಶಿಕಲಾಳ ಮನಸ್ಸಿಗೆ ಸಮಾಧಾನವಾಯಿತು. ಒಂದು ಮಾತಿನಿಂದ ಇಷ್ಟು ಆಗುವುದಾದರೆ ತಪ್ಪೇನು ಅಂದುಕೊಂಡಳು. ಆಮೇಲೆ ಅವನು ಕೇಳಿದಾಗಲೆಲ್ಲ ಅದನ್ನೇ ಹೇಳಿದಳು.

ಶಾಲೆಗಳು ಶುರುವಾಗಲು ಇನ್ನೇನು ಕೆಲವು ದಿನ ಉಳಿದಿದ್ದವು. ಸೋಮವಾರ ಬೆಳಿಗ್ಗೆ ಮುನಿಯಣ್ಣನ ಹಾಸಿಗೆ ಖಾಲಿ ಇತ್ತು. ಬಸ್ಸು ಸಿಗಲಿಲ್ಲವೇನೋ ಎಂದು ಶಶಿಕಲಾ ಫೋನ್ ಮಾಡಿದಳು. ಎತ್ತಿದ್ದು ಪಟಾಲಮ್ಮ.

"ಹೋಗ್ಬಿಟ್ರು ಮೇಡಂ. ನಿನ್ನೆ ಬೆಳಗ್ಗೆ ಉಸಿರು ಕಟ್ತದೆ ಅಂದ್ರು. ಆಟೋ ಬರೋ ಹೊತ್ತಿಗೆ ಇರ್ಲಿಲ್ಲ."

ಫೋನು ಕಿವಿಯಲ್ಲೇ ಇತ್ತು. ಮುಂದೆ ನಿಂತಿದ್ದವರು ಯಾರೋ ಟೋಕನ್ ಕೇಳುತ್ತಿದ್ದರು.

ತಿಥಿ ಕಳೆದ ಮೇಲೆ ಪಟಾಲಮ್ಮ ಆಸ್ಪತ್ರೆಯ ಕಾಗದಗಳಿಗಾಗಿ ಬಂದಳು. ಶಶಿಕಲಾ ಅವಳನ್ನು ಕ್ಯಾಂಟೀನಿಗೆ ಕರೆದೊಯ್ದು ಕಾಫಿ ತರಿಸಿದಳು. ಪಟಾಲಮ್ಮ ಲೋಟ ಮುಟ್ಟಲಿಲ್ಲ.

"ಒಂದು ಕೇಳ್ತೀನಿ. ಬರುತ್ತೆ ಅಂತ ಅವ್ರಿಗೆ ಹೇಳಿದ್ದು ನೀವೇನಾ?"

"ಹೂಂ ಅಕ್ಕ."

"ನಾನು ಕೊಡ್ತೀನಿ ಅಂದಿದ್ದೆ, ಗೊತ್ತಾ ನಿಮ್ಗೆ? ಇಬ್ರದ್ದೂ ಒಂದೇ ರಕ್ತದ ಗುಂಪು. ಟೆಸ್ಟ್ ಮಾಡ್ಸೋಣ ಅಂತ ಡಾಕ್ಟ್ರೂ ಅಂದಿದ್ರು. ಇವ್ರು ಮೊದಲು ಬೇಡ ಅಂತ ಹಟ ಹಿಡಿದ್ರು. ಆಮೇಲೆ ಹೆಂಗೋ ಒಪ್ಪೋ ಹಾಗಾಗಿದ್ರು. ಆ ಕಾಲು ಸೆಟೆದ ದಿನ ಮನೆಗೆ ಬಂದವರೇ, ಬೇಡ ಕಣೆ, ನೀನು ದಿನಾ ನಿಂತು ಕೆಲಸ ಮಾಡೋಳು, ನಿನ್ನ ಕುಯ್ಯಿಸೋದು ಯಾಕೆ, ಖಂಡಿತ ಬರುತ್ತೆ ಅಂತ ಆಸ್ಪತ್ರೆ ಮೇಡಮ್ಮೇ ಹೇಳವ್ರೆ ಅಂದ್ರು. ಆವತ್ತಿಂದ ನನ್ನ ಮಾತು ಕಿವಿ ಮೇಲೆ ಹಾಕ್ಕೊಳ್ಲಿಲ್ಲ."

ಇದು ಶಶಿಕಲಾಗೆ ತಿಳಿದಿರಲೇ ಇಲ್ಲ. "ಹಂಗೆ ಹೇಳಬಾರದಿತ್ತು," ಅಂದಳು. "ಹೇಳಬೇಡಿ ಅಂತಾನೇ ನಮಗೆ ಕಲಿಸಿದ್ರು. ಅವರ ಮುಖ ನೋಡಕ್ಕಾಗ್ದೆ ಹೇಳ್ಬಿಟ್ಟೆ. ತಪ್ಪಾಯ್ತು ಅಕ್ಕ."

ಪಟಾಲಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀವು ಹಂಗಂದ ಮೇಲೆ ಅವ್ರು ರಾತ್ರಿ ನಿದ್ದೆ ಮಾಡ್ತಿದ್ರು. ಅದೂ ನೋಡಿದೀನಿ. ಅದಕ್ಕೇ ನಿಮ್ಮನ್ನ ಬೈಯ್ಯಕ್ಕೂ ಆಯ್ತಿಲ್ಲ, ಬಿಡಕ್ಕೂ ಆಯ್ತಿಲ್ಲ." ಕಾಗದಗಳನ್ನು ಚೀಲಕ್ಕೆ ಸೇರಿಸಿಕೊಂಡು ಎದ್ದು ಹೋದಳು.

ಆ ಮಧ್ಯಾಹ್ನ ಮುನಿಯಣ್ಣನ ಹೆಸರನ್ನು ಸರದಿಯಿಂದ ತೆಗೆಸಲು ಶಶಿಕಲಾ ರಾಗಿಣಿಯ ಕೋಣೆಗೆ ಹೋದಳು. ಆದದ್ದನ್ನೆಲ್ಲ ಹೇಳಿ, ತನ್ನನ್ನು ಎಕ್ಸ್‌ರೇ ಕೌಂಟರಿಗೆ ಹಾಕಿಬಿಡಿ ಎಂದು ಕೇಳಿಕೊಂಡಳು. ರಾಗಿಣಿ ಬೈಯುತ್ತಾಳೆ ಅಂದುಕೊಂಡಿದ್ದಳು. ಬೈದಿದ್ದರೆ ಹಗುರವಾಗುತ್ತಿತ್ತೇನೋ. ರಾಗಿಣಿ ಮುನಿಯಣ್ಣನ ಹೆಸರು ತೆಗೆದು ಫೈಲು ಮುಚ್ಚಿದಳು. "ಅವರು ಕೊಟ್ಟಿದ್ರೂ ಹೊಂದುತ್ತಿತ್ತೋ ಇಲ್ವೋ, ಉಳಿತಿದ್ರೋ ಇಲ್ವೋ, ಯಾರಿಗೆ ಗೊತ್ತು ಶಶಿಕಲಾ. ಹಾಗಂತ ನಿಮ್ದೇನೂ ತಪ್ಪಿಲ್ಲ ಅಂತ ನಾನು ಹೇಳಲ್ಲ. ಸ್ವಲ್ಪ ದಿನ ಎಕ್ಸ್‌ರೇಗೆ ಹೋಗಿ," ಅಂದಳು.

ಭಾನುವಾರ ಶಶಿಕಲಾ ನಾಗರಬಾವಿಯ ತನ್ನ ಮನೆಯಿಂದ ಹೊರಟು ದಾರಿಯಲ್ಲಿ ವಿಳಾಸ ಕೇಳಿಕೊಂಡು ಮೂಡಲಪಾಳ್ಯಕ್ಕೆ ನಡೆದಳು. ಕ್ಷಮೆ ಕೇಳಲು ಹೋಗಿದ್ದಲ್ಲ. ಸುಮ್ಮನೆ ಮನೆಯಲ್ಲಿ ಕೂರಲಾಗಿರಲಿಲ್ಲ, ಅಷ್ಟೆ. ಬಾಗಿಲು ತೆರೆದೇ ಇತ್ತು. ಮುಂದಿನ ಕೋಣೆಯಲ್ಲಿ ಪಟಾಲಮ್ಮ ಗಂಡನ ಯಂತ್ರದ ಮುಂದೆ ಕೂತು ನೀಲಿ ಚಡ್ಡಿಯೊಂದಕ್ಕೆ ಹೊಲಿಗೆ ಹಾಕುತ್ತಿದ್ದಳು. ಸುತ್ತ ಅರ್ಧ ಹೊಲಿದ ಯೂನಿಫಾರ್ಮುಗಳು ರಾಶಿ ಬಿದ್ದಿದ್ದವು.

ಪಟಾಲಮ್ಮ ತಲೆಯೆತ್ತಿ ನೋಡಿದಳು. ಬನ್ನಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ.

"ಸ್ಕೂಲ್ ಶುರುವಾಗೈತೆ. ಮಕ್ಕಳ ತಾಯಂದ್ರು ಬಂದು ಬಂದು ಹೋಗ್ತವ್ರೆ. ಸಾವಿನ ಮನೆ ಅಂತ ಬಾಯಿಬಿಟ್ಟು ಕೇಳಲ್ಲ, ಪಾಪ," ಅಂದಳು.

ಶಶಿಕಲಾ ಚಪ್ಪಲಿ ಬಿಟ್ಟು ಒಳಗೆ ಬಂದು ನೆಲದ ಮೇಲೆ ಕೂತಳು. "ಗುಂಡಿ ಹಾಕೋದು ನಂಗೆ ಬರುತ್ತೆ."

ಪಟಾಲಮ್ಮ ಕೈಲಿದ್ದ ಹೊಲಿಗೆ ಮುಗಿಸಿ ದಾರ ಕತ್ತರಿಸಿದಳು. ಆಮೇಲೆ ಗುಂಡಿಯ ಡಬ್ಬಿಯನ್ನೂ ಸೂಜಿದಾರವನ್ನೂ ಅವಳ ಕಡೆ ತಳ್ಳಿದಳು. ಮತ್ತೆ ಯಂತ್ರದ ಸದ್ದು ಶುರುವಾಯಿತು. ಹೊತ್ತು ಏರಿದ ಮೇಲೆ ಪಟಾಲಮ್ಮ ಎದ್ದು ಒಳಗೆ ಹೋಗಿ ಅಕ್ಕಿ ತೊಳೆದಳು. ಎಷ್ಟು ಜನಕ್ಕೆ ಇಡುತ್ತಿದ್ದಾಳೆಂದು ಶಶಿಕಲಾ ಕೇಳಲಿಲ್ಲ. ತಲೆ ತಗ್ಗಿಸಿ ಇನ್ನೊಂದು ಅಂಗಿ ಕೈಗೆತ್ತಿಕೊಂಡಳು.