ಕಾನಹೊಸಹಳ್ಳಿಯ ಬುಕಿಂಗ್ ಆಫೀಸು

ಕೊಟ್ಟೂರಿನ ಗುರುಸಂಗಪ್ಪನವರ ಲಾರಿ ಬುಕಿಂಗ್ ಆಫೀಸಿನಲ್ಲಿ ಮರುಳಸಿದ್ದಮ್ಮ ಹನ್ನೊಂದು ವರ್ಷ ಫೋನ್ ಹಿಡಿದು ಕೂತವಳು. ಎಲ್ಲಿ ಸಾಗಿಸಬೇಕಾದ ಮಾಲು ಇದೆ, ಎಲ್ಲಿ ಲಾರಿ ಖಾಲಿಯಾಗಿದೆ ಎಂದು ಕೇಳಿ, ಎರಡನ್ನೂ ಕೂಡಿಸಿ ಕಳಿಸುವುದು ಅವಳ ಕೆಲಸ. ಡ್ರೈವರುಗಳ ಮನೆಯ ಫೋನ್ ನಂಬರೆಲ್ಲ ಬಾಯಿಪಾಠ. ತೊಂಬತ್ತೊಂಬತ್ತನೇ ಇಸವಿಯಲ್ಲಿ ಮ್ಯಾನೇಜರ್ ಕುರ್ಚಿ ಖಾಲಿಯಾದಾಗ ಗುರುಸಂಗಪ್ಪನವರು ಅದರಲ್ಲಿ ಅಳಿಯ ಬಸವೇಶನನ್ನು ಕೂಡಿಸಿದರು.

"ನನಗ್ಯಾಕ ಕೊಡಲಿಲ್ಲರಿ?" ಎಂದು ಕೇಳಿದಳು.

"ಹೆಣ್ಮಕ್ಕಳು ಫೋನ್ ಎತ್ತಾಕ ಸೈ. ಡ್ರೈವರ್‌ಗಳನ್ನ ಹಿಡಿತದಾಗ ಇಡಾಕ ಆಗಂಗಿಲ್ಲವ್ವ" ಎಂದು ಅವರು ನಕ್ಕರು.

ಮಾತಿಗಿಂತ ಆ ನಗುವಿಗೆ ಅವಳ ಮೈ ಉರಿಯಿತು. ಮರುದಿನದಿಂದ ಹೋಗಲಿಲ್ಲ. ಕಾನಹೊಸಹಳ್ಳಿಯ ಹೆದ್ದಾರಿ ಬದಿಗೆ, ಪಂಕ್ಚರ್ ಅಂಗಡಿಯ ಮಗ್ಗುಲಲ್ಲಿ ಒಂದು ಖೋಲಿ ಹಿಡಿದಳು. ಫೋನಿಗಾಗಿ ಮೂರು ತಿಂಗಳು ಕಾದಳು. ಅದು ಬಂದ ವಾರದಲ್ಲೇ ಮೊದಲ ಲೋಡು ಸಿಕ್ಕಿತು. ಇಟ್ಟಿಗಿಯ ಉಜ್ಜಿನಪ್ಪನ ಉಳ್ಳಾಗಡ್ಡಿ, ಎರಡು ಲಾರಿ, ಬೆಂಗಳೂರಿಗೆ. ಹಳೆಯ ಪರಿಚಯದ ಡ್ರೈವರುಗಳು ಮಂಜಣ್ಣ, ಗಾದೆಪ್ಪ ಇಬ್ಬರೂ ಬರುತ್ತೇವೆಂದು ಒಪ್ಪಿದರು.

ಮಾಲು ಏರಿಸಬೇಕಿದ್ದ ದಿನ ಬೆಳಿಗ್ಗೆ ಹತ್ತಕ್ಕೆ ಉಜ್ಜಿನಪ್ಪನ ಫೋನು. "ಎಲ್ಲದಾವವ್ವ ಲಾರಿ? ಹಮಾಲರು ಕುಂತು ಕುಂತು ಬ್ಯಾಸತ್ತಾರ. ಮಳಿ ಮಾಡ ಬ್ಯಾರೆ ಕವೀತೈತಿ!"

ಅವಳು ಮಂಜಣ್ಣನ ಮನೆಗೆ ಫೋನ್ ಹಚ್ಚಿದಳು. ಅವನ ಹೆಂಡತಿ ದುರ್ಗಾ ಎತ್ತಿದಳು.

"ಲೋಡ್ ಕ್ಯಾನ್ಸಲ್ ಅಂದ್ರಲ್ಲಕ್ಕ! ನಿನ್ನೆ ಬಸವೇಶಣ್ಣ ಫೋನ್ ಮಾಡಿದ್ರು, ಮರುಳಸಿದ್ದಮ್ಮನೇ ಹೇಳಿ ಕಳಿಸ್ಯಾಳ ಅಂತ. ಅವರು ಕೊಟ್ಟ ಲೋಡಿಗೆ ಇಬ್ರೂ ರಾಯಚೂರಿಗೆ ಹೋಗ್ಯಾರ."

ಅವಳು ರಿಸೀವರ್ ಕುಕ್ಕಿದಳು. ಸೀದಾ ರಸ್ತೆಗೆ ಹೋದಳು. ಹೊಸಪೇಟೆಯಲ್ಲಿ ಮಾಲಿಳಿಸಿದ ಲಾರಿಗಳು ಆ ಹೊತ್ತಿಗೆ ಚಿತ್ರದುರ್ಗದ ಕಡೆ ಖಾಲಿ ಹೋಗುತ್ತವೆಂದು ಅವಳಿಗೆ ಗೊತ್ತಿತ್ತು. ಕೈ ಮಾಡಿದರೆ ಮೂರು ಲಾರಿ ನಿಲ್ಲಲಿಲ್ಲ. ನಾಲ್ಕನೆಯದಕ್ಕೆ ನಡುರಸ್ತೆಯಲ್ಲೇ ನಿಂತಳು. ಬ್ರೇಕು ಕಿರುಚಿತು, ಡ್ರೈವರ್ ಬಾಯಿಗೆ ಬಂದಂತೆ ಬೈದ.

"ಬೈಯಾದು ಆಮ್ಯಾಲ ಇರಲಿ. ಖಾಲಿ ಹೋಗ್ತೀಯೋ, ಬಾಡಿಗಿ ಬೇಕೋ?"

ಅವನ ಹಿಂದೆಯೇ ಅವನ ಅಣ್ಣನ ಲಾರಿಯೂ ಇತ್ತು. ಎರಡೂ ಇಟ್ಟಿಗಿಗೆ ತಿರುಗಿದವು. ಮರುಳಸಿದ್ದಮ್ಮ ದಾರಿ ತೋರಿಸಲು ಹತ್ತಿ ಕೂತಳು. ಕೊಟ್ಟೂರಿನಲ್ಲಿ ಮುಂದಿನ ದಾರಿ ಹೇಳಿ ಅಣ್ಣನ ಲಾರಿಯನ್ನು ಕಳಿಸಿ, ತಾನು ಕೂತಿದ್ದನ್ನು ಗುರುಸಂಗಪ್ಪನವರ ಬಾಗಿಲಲ್ಲಿ ನಿಲ್ಲಿಸಿದಳು.

ಒಳಗೆ ನಾಲ್ಕೈದು ಡ್ರೈವರುಗಳು ಚಹಾ ಕುಡಿಯುತ್ತಿದ್ದರು.

"ನನ್ನ ಹೆಸರು ಹೇಳಿ ನನ್ನ ಲೋಡ್ ಕ್ಯಾನ್ಸಲ್ ಮಾಡಿದ್ದು ಯಾರು?"

"ಕುಂದ್ರವ್ವ, ಚಾ ಕುಡಿ" ಎಂದು ಗುರುಸಂಗಪ್ಪನವರು ಮತ್ತೆ ಅದೇ ನಗು ನಕ್ಕರು. "ಯಾರೋ ಏನೋ ಅಂದಿರಬೇಕು."

ಮರುಳಸಿದ್ದಮ್ಮ ಅವರ ಮೇಜಿನ ಮೇಲಿನ ಫೋನನ್ನೇ ಎಳೆದುಕೊಂಡು ನಂಬರ್ ಒತ್ತಿದಳು. "ದುರ್ಗಾ, ನನಗ ಹೇಳಿದ್ದನ್ನ ಇನ್ನೊಮ್ಮೆ ಹೇಳು, ಜೋರಾಗಿ" ಎಂದು ರಿಸೀವರನ್ನು ಹತ್ತಿರದ ಡ್ರೈವರನ ಕಿವಿಗಿಟ್ಟಳು. ಅವನು ಕೇಳಿ, ಚಹಾದ ಲೋಟ ಕೆಳಗಿಟ್ಟು, ಮ್ಯಾನೇಜರ್ ಕುರ್ಚಿಯಲ್ಲಿದ್ದ ಬಸವೇಶನ ಮುಖ ನೋಡಿದ. ಬಸವೇಶ ಎದ್ದು ಒಳಗೆ ಹೋದ.

"ವ್ಯವಹಾರದಾಗ ಇವೆಲ್ಲ ಇರ್ತಾವವ್ವ" ಎಂದರು ಗುರುಸಂಗಪ್ಪನವರು. ಈಗ ನಗಲಿಲ್ಲ.

"ಹನ್ನೊಂದು ವರ್ಷ ಈ ಫೋನಿನಾಗ ನಾ ಒಂದು ಸುಳ್ಳು ಹೇಳಿಲ್ಲ. ಅದಕ್ಕ ಇವರೆಲ್ಲ ನಿಮ್ಮ ಬಾಗಿಲಿಗೆ ಬರ್ತಿದ್ರು. ನಿಮ್ಮ ಮುಖ ನೋಡಿ ಅಲ್ಲ!"

ಇಟ್ಟಿಗಿ ಮುಟ್ಟುವಾಗ ಮಳೆ ಶುರುವಾಗಿತ್ತು. ಮೊದಲೇ ಬಂದಿದ್ದ ಅಣ್ಣನ ಲಾರಿಗೆ ಮಾಲು ಏರಿಸಿ ತಾಡಪಾಲು ಬಿಗಿದಾಗಿತ್ತು. ಎರಡನೆಯದಕ್ಕೆ ಏರಬೇಕಿದ್ದ ಮೂವತ್ತು ಚೀಲ ತೊಯ್ದವು. ಉಜ್ಜಿನಪ್ಪ ಹಮಾಲರೆದುರಿಗೇ ಅವಳನ್ನು ಬೈದ. ಕೊಟ್ಟೂರಿನಲ್ಲಿ ನಿಲ್ಲದೆ ಬಂದಿದ್ದರೆ ಆ ಚೀಲಗಳು ಉಳಿಯುತ್ತಿದ್ದವು. ಅದನ್ನು ಅವನಿಗೆ ಮುಚ್ಚುಮರೆಯಿಲ್ಲದೆ ಹೇಳಿ, ಆ ಎರಡು ಬಾಡಿಗೆಯ ಕಮಿಷನ್ ಬಿಟ್ಟಳು. ಆದರೂ ಮುಂದಿನ ಲೋಡನ್ನು ಅವನು ಅವಳಿಗೆ ಕೊಡಲಿಲ್ಲ.

ಆದರೆ ಅಂದು ಚಹಾ ಕುಡಿಯುತ್ತಿದ್ದವರಲ್ಲಿ ಮೂವರು ವಾರದೊಳಗೆ ಕಾನಹೊಸಹಳ್ಳಿಗೆ ಬಂದು ಬಾಡಿಗೆ ಕೇಳಿದರು. ಅವರ ಹಿಂದೆ ಮಂಜಣ್ಣ, ತಲೆ ಕೆರೆದುಕೊಳ್ಳುತ್ತ.

"ಹನ್ನೊಂದು ವರ್ಷ ನನ್ನ ದನಿ ಕೇಳೀಯಲ್ಲೋ. ಒಂದು ಫೋನ್ ಮಾಡಿ ನನ್ನ ಕೇಳಾಕ ಏನಾಗಿತ್ತು ನಿನಗ?"

"ತಪ್ಪಾತಕ್ಕ."

ಅವಳ ಸಿಟ್ಟು ಇಳಿಯಲಿಲ್ಲ. ಕೂರು ಎನ್ನಲೂ ಇಲ್ಲ. "ಹಡಗಲಿಯಾಗ ಮೆಕ್ಕಿಜೋಳ ಐತಿ, ದಾವಣಗೆರಿಗೆ. ಹನ್ನೆರಡರೊಳಗ ಅಲ್ಲಿರಬೇಕು. ನಡಿ" ಎಂದು, ಹೊಡೆದುಕೊಳ್ಳುತ್ತಿದ್ದ ಫೋನ್ ಎತ್ತಿದಳು.