ಗೋಡೆ ಕಡೆಯ ಮಗ್ಗುಲು

ನಮ್ಮ ಭಾವನ ಕಸುಬು ಹಲ್ಲು ಮಾಡುವುದು. ಕೀಳುವುದಲ್ಲ, ದಂತವೈದ್ಯರು ಕಳಿಸಿದ ಅಚ್ಚು ನೋಡಿಕೊಂಡು ಹಲ್ಲಿನ ಸೆಟ್ಟು ತಯಾರಿಸಿ ಕಳಿಸುವುದು. ಊರಿನ ಅರ್ಧ ನಗು ಅವರ ಕೈಯಲ್ಲಿ ಆದದ್ದು. ಅವರು ಸ್ವತಃ ನಕ್ಕದ್ದನ್ನು ಮಾತ್ರ ನಾನು ಕಂಡದ್ದು ಕಡಿಮೆ. ಸಂಜೆ ಲ್ಯಾಬಿನಿಂದ ಬಂದು, ಕೈ ತೊಳೆದು, ಹಿಂದಿನ ಕೋಣೆ ಸೇರಿಕೊಂಡರೆಂದರೆ ಊಟಕ್ಕೆ ಮೂರು ಸಲ ಕೂಗಬೇಕು. ಆ ಕೋಣೆಯಲ್ಲಿ, ಗೋಡೆಗೆ ಒತ್ತಿ ನಿಲ್ಲಿಸಿದ ಎಂಟಡಿ ಉದ್ದದ ಮೇಜಿನ ಮೇಲೆ ಒಂದು ನದಿ, ನದಿಯ ಮೇಲೆ ಏಳು ಕಮಾನಿನ ಸೇತುವೆ, ಸೇತುವೆಯ ಮೇಲೆ ಆರು ಬೋಗಿಯ ಒಂದು ರೈಲು. ಒಂದೊಂದು ಬೋಗಿಯೂ ಗೇಣಿಗಿಂತ ಸ್ವಲ್ಪ ಕಡಿಮೆ. ರೈಲು ಆ ತುದಿಗೆ ಹೋಗುತ್ತದೆ, ಹಿಂದಕ್ಕೇ ಸರಿದು ಈ ತುದಿಗೆ ಬರುತ್ತದೆ. ಹನ್ನೊಂದು ವರ್ಷದಿಂದ.

“ಎಲ್ಲಿಗ್ರೀ ಹೋಗತ್ತೆ ನಿಮ್ಮ ರೈಲು?” ಎಂದು ಅಕ್ಕ ಕೇಳುವುದುಂಟು. “ಅಡುಗೆಮನೆ ಗೋಡೆ ತನಕ ತಾನೇ? ಅಷ್ಟಕ್ಕೆ ಟಿಕೆಟ್ ತಗೊಂಡು ಹತ್ತಿದಾರಲ್ಲ, ಪಾಪ, ಜನ!”

ಅಕ್ಕನಿಗೆ ರೈಲಿನ ಮೇಲೆ ಹಗೆಯೇನೂ ಇಲ್ಲ. ಇರುವುದು ಒಂದೇ ಒಂದು ಅನುಮಾನ. ಮೂರು ವರ್ಷದ ಹಿಂದೆ ಅವಳು ಟೈಫಾಯಿಡ್ ಹಿಡಿದು ಹದಿನೇಳು ದಿನ ಮಲಗಿದ್ದಳು. ಜ್ವರದ ಮಬ್ಬಿನಲ್ಲಿ ಅವಳ ಮೂಗಿಗೆ ಅಂಟಿನ ವಾಸನೆ ಬಡಿಯುತ್ತಿತ್ತಂತೆ. ಹುಷಾರಾದ ಮೇಲೆ ಕೇಳಿದಳು: “ನಾನು ಹೋಗ್ತೀನೋ ಇರ್ತೀನೋ ಅನ್ನೋ ಹಾಗೆ ಮಲಗಿದ್ರೆ, ನೀವು ರೈಲಿಗೆ ಅಂಟು ಹಚ್ಕೊಂಡು ಕೂತಿದ್ರಾ?” ಭಾವ ಗಂಟಲು ಮುಟ್ಟಿ ಆಣೆ ಮಾಡಿದರು. ಆ ಹದಿನೇಳು ದಿನ ರೈಲಿನ ಒಂದು ಚೂರನ್ನೂ ಮುಟ್ಟಿಲ್ಲ ಎಂದರು. ಅಕ್ಕ ಅದನ್ನು ನಂಬಿದ್ದಾಳೆ ಎನ್ನುವುದು ಮನೆಯ ಅಧಿಕೃತ ನಿಲುವು.

ಹೀಗಿರುವಾಗ ಪುಟಾಣಿ ರೈಲಿನವರ ಸಂಘದಿಂದ ಭಾವನಿಗೆ ಕಾಗದ ಬಂತು. ಅಂಥದ್ದೊಂದು ಸಂಘ ಇದೆ ಎಂದೇ ನಮಗೆ ಗೊತ್ತಿರಲಿಲ್ಲ. ಅವರು ವರ್ಷಕ್ಕೊಮ್ಮೆ ಪ್ರದರ್ಶನ ನಡೆಸುತ್ತಾರೆ, ಒಬ್ಬೊಬ್ಬರು ಒಂದೊಂದು ಮೇಜು ತರುತ್ತಾರೆ, ಎಲ್ಲ ಮೇಜುಗಳನ್ನೂ ಜೋಡಿಸಿ ಒಂದೇ ಲೈನು ಮಾಡುತ್ತಾರೆ. ಹಾಸಿಗೆ ಅಂಗಡಿಯ ವ್ಯಾನಿನಲ್ಲಿ ಸೇತುವೆಯನ್ನು ರೋಗಿಯ ಹಾಗೆ ಮಲಗಿಸಿ ಒಯ್ದೆವು. ಅಕ್ಕನೂ ಬಂದಳು. “ಅಡುಗೆಮನೆ ಗೋಡೆ ಆಚೆ ಏನಿದೆ ಅಂತ ನೋಡೇ ಬಿಡೋಣ,” ಎಂದಳು.

ಷಟಲ್ ಆಡುವ ದೊಡ್ಡ ಹಾಲು. ಒಳಗೆ ಕಾಲಿಟ್ಟವರು ಮೂವರೂ ಬಾಗಿಲಲ್ಲೇ ನಿಂತೆವು. ನಲವತ್ತೆರಡು ಮನೆಗಳ ಹಿಂದಿನ ಕೋಣೆಗಳಿಂದ ಬಂದ ನಲವತ್ತೆರಡು ಮೇಜುಗಳು ಹಾಲಿನ ಉದ್ದಕ್ಕೂ ಹಾವಿನಂತೆ ಬಳುಕಿ ಸಾಗಿದ್ದವು. ಮಾಡಿದವರಲ್ಲಿ ಹೆಚ್ಚಿನವರು ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಇದ್ದದ್ದು ಒಂದೇ ಕರಾರು: ನೆಲದಿಂದ ಹಳಿಗೆ ಇಷ್ಟು ಎತ್ತರ, ಮೇಜಿನ ಎರಡೂ ತುದಿಯಲ್ಲಿ ಹಳಿ ನಟ್ಟನಡುವೆ. ಅದರ ಮಧ್ಯೆ ಯಾರು ಯಾವ ಪ್ರಪಂಚ ಬೇಕಾದರೂ ಕಟ್ಟಿಕೊಳ್ಳಬಹುದು. ಹಾಗಾಗಿ ಹಿಮದ ಬೆಟ್ಟದ ಪಕ್ಕದಲ್ಲೇ ಮರಳುಗಾಡು, ಮರಳುಗಾಡು ಮುಗಿದಲ್ಲಿ ಹಡಗುಕಟ್ಟೆ. ಭಾವ ಒಂದೊಂದೇ ಮೇಜನ್ನು ಬೆರಳು ಮಾಡಿ ಎಣಿಸತೊಡಗಿದರು. ತಮ್ಮ ಹುಚ್ಚು ತಮ್ಮೊಬ್ಬರದೇ ಎಂದುಕೊಂಡಿದ್ದವರಿಗೆ ಅದಕ್ಕೊಂದು ದೇಶವೇ ಇದೆ ಎಂದು ಗೊತ್ತಾದರೆ ಎಣಿಸದೆ ಇರುವುದು ಹೇಗೆ?

ಸಂಘದ ಮುಖ್ಯಸ್ಥರು ನಿವೃತ್ತ ಹೆಡ್‌ಮಾಸ್ಟರು. ಕೊರಳಲ್ಲಿ ಇನ್ನೂ ಸೀಟಿ ತೂಗುತ್ತಿತ್ತು. ಅವರು ನಮ್ಮ ಮೇಜನ್ನು ನಡುಭಾಗಕ್ಕೆ ಸೇರಿಸಿ ನಿಯಮ ಒಪ್ಪಿಸಿದರು.

“ಮೇಜಿನವ್ರು ಹಿಂದೆ, ನೋಡೋರು ಮುಂದೆ. ನಿಮ್ಮ ಮೇಜಿನ ಮೇಲಿರೋ ರೈಲು ನಿಮ್ಮ ವೇಗದ ತಿರುಗುಗುಂಡಿ ಮಾತು ಕೇಳತ್ತೆ, ಯಾರದ್ದೇ ಆಗಿರ್ಲಿ. ದಾಟಿ ಹೋದ್ಮೇಲೆ ಅದು ನಿಮ್ಮದಲ್ಲ, ನಿಮ್ಮದೇ ಆಗಿದ್ರೂ. ಪಕ್ಕದ ಮೇಜಿಗೆ ಫೋನ್ ಮಾಡಿ ಕೇಳದೆ ರೈಲು ಬಿಡೋ ಹಾಗಿಲ್ಲ. ತಡ ಆದ್ರೆ ಕಾರಣ ಹೇಳ್ಬೇಕು, ನಾನು ಬರ್ಕೋತೀನಿ. ಇನ್ನು ಅದು, ನೋಡಿ.” ಗೋಡೆಯ ಮೇಲೆ ದಪ್ಪ ಅಕ್ಷರದ ಫಲಕವಿತ್ತು: ‘ದೇವರ ಕೈ ನಿಷೇಧಿಸಲಾಗಿದೆ.’

“ಅಂದ್ರೆ?” ಎಂದಳು ಅಕ್ಕ.

“ಓಡೋ ರೈಲನ್ನ ಮೇಲಿಂದ ಕೈ ಹಾಕಿ ಎತ್ತೋ ಹಾಗಿಲ್ಲಮ್ಮ. ಒಳಗಿರೋ ಜನ ಏನಂದ್ಕೋಬೇಕು?”

ಭಾವ ಮನೆಯಲ್ಲಿ ಮಾಡುವ ಹಾಗೆಯೇ ಮೇಜಿನ ಮುಂದೆ ನಿಂತು ಆರೂ ಬೋಗಿಗಳನ್ನು ಹಳಿಗೆ ಕೂರಿಸಿದರು. ಆಮೇಲೆ ಹೆಡ್‌ಮಾಸ್ಟರ ಸೀಟಿ ಕೇಳಿತು. ನಾವಿಬ್ಬರೂ ಹಿಂದಕ್ಕೆ ಹೋದೆವು. ಅಕ್ಕ ಮುಂದೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು, ಕಣ್ಣು ಹಳಿಯ ಮಟ್ಟಕ್ಕೆ ಬರುವಂತೆ ಕೂತಳು.

ಮೊದಲು ಬಂದದ್ದು ನಮ್ಮ ರೈಲಲ್ಲ. ಫೋನು ಕಿಣಿಗುಟ್ಟಿತು. “ಗೂಡ್ಸ್ ಬಿಡ್ಲಾ ಸಾರ್?” ಎಂದಿತು ಯಾವುದೋ ದನಿ. ಭಾವ “ಬಿಡಿ” ಎಂದರು. ಬೆಟ್ಟದ ಸುರಂಗದೊಳಗೆ ಮೊದಲು ಒಂದು ಬೆಳಕು, ಆಮೇಲೆ ಸದ್ದು, ಆಮೇಲೆ ಕಲ್ಲಿದ್ದಲು ಹೊತ್ತ ಕಪ್ಪು ಗಾಡಿ. ಒಂದೊಂದೇ ಡಬ್ಬಿ ಸೇತುವೆಗೆ ಏರಿತು. ನಾನು ಭಾವನ ಮುಖ ನೋಡಿದೆ. ಹನ್ನೊಂದು ವರ್ಷದಲ್ಲಿ ಆ ಸೇತುವೆ ಮೇಲೆ ಅವರು ತಾವೇ ಹೊರಡಿಸದ ರೈಲೊಂದು ಬಂದಿರಲಿಲ್ಲ. ಇದು ಎಲ್ಲಿಂದಲೋ ಬಂತು. ಸೇತುವೆಯನ್ನು ಸೇತುವೆಯೆಂದು ನಂಬಿ, ದಾಟಿ, ಎಲ್ಲಿಗೋ ಹೋಯಿತು. ಭಾವ ಕತ್ತು ಚಾಚಿ ಅದರ ಬೆನ್ನು ನೋಡುತ್ತಿದ್ದರು.

“ಹೋಯ್ತಲ್ಲೋ,” ಎಂದರು. “ನಿಜವಾಗ್ಲೂ ದಾಟಿ ಹೋಯ್ತು.”

ಆಮೇಲೆ ನಮ್ಮ ಸರದಿ. ಸೇತುವೆಯ ಪಕ್ಕದ ಸಣ್ಣ ಹಳಿಯಿಂದ ನಮ್ಮ ರೈಲು ಹೊರಟಿತು, ಸೇತುವೆ ದಾಟಿತು, ಪಕ್ಕದ ಮೇಜಿನ ಬಯಲಿಗಿಳಿಯಿತು. ಕೊನೆಯ ಬೋಗಿ ದಾಟಿದಾಗ ನಾನು ತಿರುಗಿ ನೋಡಿದರೆ ಭಾವನ ಮುಖ ಅಚ್ಚು ತೆಗೆಯುವ ಪ್ಲಾಸ್ಟರಿನ ಬಣ್ಣಕ್ಕೆ ತಿರುಗಿತ್ತು.

“ನಾವು ಹಿಂದೆ ನಿಂತಿದೀವಿ,” ಎಂದರು.

“ಹೌದಲ್ಲ, ನಿಯಮ.”

“ನನಗೆ ಗೋಡೆ ಕಡೆ ಕಾಣ್ತು ಕಣೋ.”

ಬಿಡಿಸಿ ಕೇಳಿದ ಮೇಲೆ ತಿಳಿಯಿತು. ಮನೆಯಲ್ಲಿ ಮೇಜು ಗೋಡೆಗೆ ಒತ್ತಿಕೊಂಡಿದೆ. ರೈಲು ತಿರುಗುವುದಿಲ್ಲ, ಹಿಂದೆ ಮುಂದೆ ಸರಿಯುತ್ತದೆ ಅಷ್ಟೆ. ಆದ್ದರಿಂದ ಬೋಗಿಗಳ ಒಂದು ಮಗ್ಗುಲನ್ನು ಹನ್ನೊಂದು ವರ್ಷದಲ್ಲಿ ಯಾರೂ ನೋಡಿಲ್ಲ. ಆ ಮಗ್ಗುಲಿಗೆ ಭಾವ ಬಣ್ಣವನ್ನೇ ಬಳಿದಿಲ್ಲ.

“ಬಣ್ಣ ಇಲ್ದಿದ್ರೆ ಮುಳುಗಿದ್ದೇನು?”

“ಬರೀ ಬಣ್ಣ ಇಲ್ದಿದ್ರೆ ಪರವಾಗಿಲ್ಲ. ಬರ್ದಿದೀನಿ. ಪೆನ್ಸಿಲಲ್ಲಿ. ಚೀಟಿ ಕಳ್ದೋಗತ್ತೆ, ಬೋಗಿ ಕಳ್ದೋಗಲ್ಲ ಅಂತ. ಬಣ್ಣದ ಅಳತೆ, ಅದು ಇದು... ಮೂರನೇ ಬೋಗೀಲಿ ನಿಮ್ಮಕ್ಕನ ಜ್ವರ. ತಾರೀಕು ಸಮೇತ.”

“ಆ ಹದಿನೇಳು ದಿನ ಮುಟ್ಟಿಲ್ಲ ಅಂತ ಆಣೆ ಮಾಡಿದ್ರಲ್ಲ ಭಾವ!”

“ಮುಟ್ಟಿದ್ದೆ.”

ಲೈನಿನ ಕೊನೆಯ ಮೇಜಿನಲ್ಲಿ ಹಳಿ ದೊಡ್ಡ ಬಳೆಯಂತೆ ಸುತ್ತು ಹಾಕಿ ಮತ್ತೆ ತನ್ನನ್ನೇ ಸೇರಿಕೊಳ್ಳುತ್ತದೆ. ಅಲ್ಲಿ ಹೋದ ರೈಲು ತಿರುಗಿ, ಬಂದ ದಾರಿಯಲ್ಲೇ ವಾಪಸಾಗುತ್ತದೆ. ಹೋಗುವಾಗ ಹಿಂದೆ ನಿಂತವರಿಗೆ ಕಂಡ ಮಗ್ಗುಲು, ಬರುವಾಗ ಮುಂದೆ ಕೂತವರಿಗೆ. ಮುಂದೆ ಕೂತಿದ್ದವಳು ಔಷಧಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ವೈದ್ಯರ ಕೈಬರಹ ಓದಿದವಳು. ಭಾವನ ಪೆನ್ಸಿಲು ಅವಳಿಗೆ ಯಾವ ಲೆಕ್ಕ?

“ಓಡು,” ಎಂದರು ಭಾವ. “ಕೊನೇ ಮೇಜಿನವ್ರ ಕೈಕಾಲು ಹಿಡಿ. ಅಲ್ಲೇ ನಿಲ್ಲಿಸ್ಕೊಳ್ಳಿ ಅನ್ನು.”

ಓಡಿದೆ ಎಂದರೆ ಸುಳ್ಳಾಗುತ್ತದೆ. ಹಾಗೆ ಓಡುವುದಕ್ಕಾಗುವ ಜಾಗ ಅದಲ್ಲ. ರೈಲು ನನ್ನ ಪಕ್ಕದಲ್ಲೇ, ಬೆಳಗಿನ ವಾಕಿಂಗಿಗೆ ಹೊರಟವರ ವೇಗದಲ್ಲಿ ಸಾಗುತ್ತಿತ್ತು. ಒಂದೊಂದು ಮೇಜೂ ನನ್ನ ಅಂಗಿ ಹಿಡಿದು ನಿಲ್ಲಿಸುತ್ತಿತ್ತು. ಸಲೂನಿನವರೊಬ್ಬರ ಹುಲ್ಲುಗಾವಲು ಗಾಳಿಗೆ ಬಾಗಿದಂತೆ ಅಲೆಅಲೆಯಾಗಿತ್ತು. ಹುಲ್ಲು ಯಾವುದರದ್ದು ಎಂದರೆ, “ಎಲ್ಲ ನಮ್ಮ ಗಿರಾಕಿಗಳದ್ದೇ ಸಾರ್, ಹಸಿರು ಬಣ್ಣ ಹಾಕಿದೀನಿ ಅಷ್ಟೆ,” ಎಂದರು. ಮುಂದಿನ ಮೇಜಿನ ಪಟ್ಟಣದಲ್ಲಿ ಒಂದು ಮನೆಯ ಮಹಡಿಯಲ್ಲಿ ದಾರದ ಮೇಲೆ ಬಟ್ಟೆ ಒಣಗುತ್ತಿತ್ತು. ಒಂದು ಅಂಗಿಗೆ ಗುಂಡಿ ಕಿತ್ತುಹೋಗಿತ್ತು. ಸಾಸಿವೆಗಿಂತ ಚಿಕ್ಕ ಗುಂಡಿ, ಅದರಲ್ಲಿ ಒಂದು ಇಲ್ಲ! ಯಾರು ನೋಡುತ್ತಾರೆಂದು ಅದನ್ನು ಮಾಡಿದರು? ಯಾರೂ ನೋಡದಿದ್ದರೂ ಗುಂಡಿ ಕಿತ್ತುಹೋಗುವುದು ಹೋಗುತ್ತದಲ್ಲ, ಅದಕ್ಕೆ. ನಾನು ಹೋಗುತ್ತಿದ್ದ ಕೆಲಸ ಮರೆತು ಮೊಣಕಾಲೂರಿ ಕೂತೆ. ತಲೆಯೆತ್ತುವಷ್ಟರಲ್ಲಿ ನಮ್ಮ ರೈಲು ಮೂರು ಮೇಜು ಮುಂದೆ ಹೋಗಿತ್ತು.

ಕೊನೆಯ ಮೇಜಿನವರು ಒಬ್ಬ ನರ್ಸಮ್ಮ. ನಾನು ಏದುಸಿರು ಬಿಡುತ್ತಾ ತಲುಪುವ ಹೊತ್ತಿಗೆ ನಮ್ಮ ರೈಲು ಸುತ್ತು ಮುಗಿಸಿ ಅವರ ನಿಲ್ದಾಣದಲ್ಲಿ ನಿಂತಿತ್ತು. ಅವರು ಕನ್ನಡಕ ಹಣೆಗೇರಿಸಿ ಮೂರನೇ ಬೋಗಿಗೆ ಮೂಗು ತಾಗಿಸಿದ್ದರು.

“ಇದು ಟೆಂಪರೇಚರ್ ಚಾರ್ಟು,” ಎಂದರು, ನಾನು ಯಾರು ಎತ್ತ ಎಂದು ಕೇಳದೆ. “ಕಿಟಕಿಗೊಂದು ದಿನ. ದಿನಕ್ಕೆ ನಾಲ್ಕು ಸಲ ನೋಡಿದಾರೆ. ಒಂದು ಸಲಾನೂ ತಪ್ಪಿಲ್ಲ. ನಮ್ಮ ವಾರ್ಡಲ್ಲೂ ಇಷ್ಟು ನೋಡಲ್ಲಪ್ಪ ನಾವು.”

ನಾನೂ ಬಗ್ಗಿದೆ. ಇರುವೆ ಸಾಲಿನಂಥ ಅಕ್ಷರ. ಒಂದೊಂದು ಕಿಟಕಿಯ ಕೆಳಗೂ ತಾರೀಕು, ನಾಲ್ಕು ಅಂಕಿ, ಒಂದೆರಡು ಪದ. ‘ನೀರು ಸೇರಲಿಲ್ಲ.’ ‘ಅಮ್ಮನನ್ನು ಕರೆದಳು.’ ‘ನನ್ನ ಗುರುತು ಸಿಗಲಿಲ್ಲ.’ ನಾನು ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

ನರ್ಸಮ್ಮ ಹೂಂಗುಟ್ಟಿದರು. “ನಾಲ್ಕು ಸಲ ನೋಡೋರು ನಡುವೆ ಎಲ್ಲಿ ಹೋಗ್ತಾರೆ? ಬಾಗಿಲ ಹತ್ರ ಕೂತಿರ್ತಾರೆ. ಕೂತೋರ ಕೈ ಸುಮ್ನಿರಲ್ಲ. ನಮ್ಮ ವಾರ್ಡಿನ ಹೊರಗೆ ಕೆಲವ್ರು ಒಂದೇ ಬೀಗದ ಕೈ ಗೊಂಚಲನ್ನ ದಿನವಿಡೀ ಎಣಿಸ್ತಾರೆ. ಇವ್ರು ಕಿಟಕಿ ಅಂಟಿಸಿದಾರೆ.” ಆಮೇಲೆ ಗುಂಡಿಯ ಮೇಲೆ ಕೈಯಿಟ್ಟು ಕೇಳಿದರು: “ಈಗೇನು? ಚಕ್ರಕ್ಕೆ ಹುಷಾರಿಲ್ಲ ಅಂತ ಬರೆಸಿ ಶೆಡ್ಡಿಗೆ ತಳ್ಳಬಹುದು. ನಾನು ಸುಳ್ಳು ರಜಾಚೀಟಿ ಎಷ್ಟು ನೋಡಿಲ್ಲ. ಏನ್ ಮಾಡ್ಲಿ ಹೇಳಿ, ಟೈಮಾಯ್ತು.”

ಅಕ್ಕನ ಬೈಗುಳಕ್ಕೆ ನನ್ನ ಜೊತೆ ಇನ್ನೊಬ್ಬರಿದ್ದಾರೆ ಎನ್ನುವ ಸಮಾಧಾನಕ್ಕೇ ಭಾವನನ್ನು ಇಷ್ಟು ವರ್ಷ ಪ್ರೀತಿಸಿದವನು ನಾನು. ಅವರು ನನ್ನನ್ನು ಓಡಿಸಿದ್ದು ರೈಲು ನಿಲ್ಲಿಸಲಿಕ್ಕೆ.

“ಕಳ್ಸಿ,” ಎಂದೆ.

ವಾಪಸು ಬರುವಾಗ ಮೆರವಣಿಗೆ ಸೇರಿತು. ಬೆತ್ತಲೆ ಮಗ್ಗುಲಿನ ರೈಲನ್ನು ಕಂಡು ಯಾರೂ ನಗಲಿಲ್ಲ. ಆ ಜನಕ್ಕೆ ನಗಲು ಪುರುಸೊತ್ತಿರಲಿಲ್ಲ. “ತುಕ್ಕಿನ ಬಣ್ಣ, ಕಂದು ಮೂರು, ಕಿತ್ತಳೆ ಒಂದು, ಹಲ್ಲಿನ ಪುಡಿ ಚಿಟಿಕೆ,” ಎಂದು ಯಾರೋ ಮೊದಲ ಬೋಗಿಯನ್ನು ಗಟ್ಟಿಯಾಗಿ ಓದಿದರು. “ಹಲ್ಲಿನ ಪುಡೀನಾ! ನಾನು ಆರು ವರ್ಷದಿಂದ ಒದ್ದಾಡ್ತಿದೀನಲ್ರೀ!” ಎಂದು ಸಲೂನಿನವರು ಅಂಗೈ ಮೇಲೆ ಬರೆದುಕೊಂಡರು. ಭೂತಗನ್ನಡಿಗಳು ಹೊರಬಂದವು. ಹದಿನೈದಿಪ್ಪತ್ತು ಜನ ಬಗ್ಗಿಕೊಂಡು, ಅಡ್ಡಡ್ಡ ಹೆಜ್ಜೆ ಹಾಕುತ್ತಾ, ರೈಲಿನ ಜೊತೆಗೆ ಏಡಿಗಳ ಹಾಗೆ ಸೇತುವೆಯವರೆಗೂ ಬಂದರು.

ಭಾವ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ರೈಲು ಸೇತುವೆ ಏರಿತು. ಭಾವನ ಕೈ ಗುಂಡಿಯ ಮೇಲಿತ್ತು. ಜೋರಾಗಿ ತಿರುಗಿಸಿದ್ದರೆ ನಾಲ್ಕು ಎಣಿಸುವಷ್ಟರಲ್ಲಿ ಆರೂ ಬೋಗಿ ಅಕ್ಕನ ಕಣ್ಣ ಮುಂದಿಂದ ಸರ್ರನೆ ಜಾರಿಹೋಗುತ್ತಿತ್ತು. ಅಕ್ಕ ಮುಂದಕ್ಕೆ ಬಾಗಿದಳು.

“ರೀ, ಇದು ನಿಮ್ಮ ಅಕ್ಷರ ಅಲ್ವಾ?”

ಸೇತುವೆಯ ಆ ಬದಿಯಲ್ಲಿ ಅವಳ ಮುಖ, ಈ ಬದಿಯಲ್ಲಿ ಅವರದ್ದು. ನಡುವೆ ಆರು ಬೋಗಿ. ಭಾವ ಗುಂಡಿಯನ್ನು ಮೆಲ್ಲಗೆ ಸೊನ್ನೆಗೆ ತಂದರು. ನಾಲ್ಕನೇ ಕಮಾನಿನ ಮೇಲೆ, ಮೂರನೇ ಬೋಗಿ ಸರಿಯಾಗಿ ಅಕ್ಕನ ಮೂಗಿನ ಮುಂದೆ ನಿಂತಿತು.

ಅಕ್ಕ ಓದಿದಳು. ಬೆರಳನ್ನು ಬೋಗಿಗೆ ತಾಗಿಸದೆ, ಕೂದಲೆಳೆ ದೂರದಲ್ಲಿ ಹಿಡಿದು, ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ. ಏಡಿಗಳೆಲ್ಲ ಸದ್ದಿಲ್ಲದೆ ನೆಟ್ಟಗೆ ನಿಂತುಕೊಂಡವು. ಹದಿನೇಳನೆಯ ಕಿಟಕಿ ಬಂದಾಗ ಅವಳು ಗಟ್ಟಿಯಾಗಿ ಓದಿದಳು: “ತೊಂಬತ್ತೆಂಟು ಪಾಯಿಂಟ್ ನಾಲ್ಕು. ಎದ್ದು ಕೂತು ಬೈದಳು.” ಕೆಳಗೆ ಎರಡು ಗೆರೆ ಎಳೆದಿತ್ತು.

ಫೋನು ಬಡಿದುಕೊಳ್ಳತೊಡಗಿತು. ಭಾವ ಎತ್ತಿದರು. ಆ ಕಡೆಯಿಂದ ಹೆಡ್‌ಮಾಸ್ಟರ ದನಿ ನನಗೂ ಕೇಳುವಷ್ಟು ಜೋರಾಗಿತ್ತು. “ಸೇತುವೆ! ಏನಾಯ್ತು? ಹಿಂದೆ ಮೂರು ಗಾಡಿ ಕಾಯ್ತಿವೆ. ಕಾರಣ ಹೇಳಿ, ಬರ್ಕೋಬೇಕು!”

“ಮನೆಯವ್ರು ಓದ್ತಿದಾರೆ ಸಾರ್,” ಎಂದರು ಭಾವ.

ಆ ಕಡೆ ಪುಸ್ತಕದ ಹಾಳೆ ಮಗುಚಿದ ಸದ್ದು. ಆಮೇಲೆ, ಬರೆದುಕೊಳ್ಳುವವರ ದನಿಯಲ್ಲಿ, “ಮನೆಯವರು... ಓದುತ್ತಿದ್ದಾರೆ. ಆಯ್ತು.”

ಹಾಲಿನ ಆ ತುದಿಯಿಂದ ಈ ತುದಿಯವರೆಗೆ ಒಂದೊಂದೇ ಮೇಜಿನ ಸಿಗ್ನಲ್ ಕಂಬಕ್ಕೆ ಕೆಂಪು ದೀಪ ಬಿತ್ತು. ಹಿಮದ ಬೆಟ್ಟದಲ್ಲಿ ಪ್ಯಾಸೆಂಜರು ನಿಂತಿತು, ಗಿರಾಕಿಗಳ ಹುಲ್ಲುಗಾವಲಿನಲ್ಲಿ ಗೂಡ್ಸು ನಿಂತಿತು, ಹಡಗುಕಟ್ಟೆಯಲ್ಲಿ ಯಾವುದೋ ಮೇಲ್ ಗಾಡಿ ನಿಂತಿತು. ನಲವತ್ತೆರಡು ಮನೆಗಳ ಪ್ರಪಂಚ ಉಸಿರು ಹಿಡಿದು, ಒಬ್ಬಳ ಜ್ವರ ಇಳಿಯಲೆಂದು ಕಾಯುತ್ತಿದ್ದ ಹಾಗಿತ್ತು.

“ಸುಳ್ಳು ಆಣೆ,” ಎಂದಳು ಅಕ್ಕ, ತಲೆಯೆತ್ತದೆ.

“ಹೂಂ.”

“ಹನ್ನೊಂದನೇ ತಾರೀಕು ನೂರ ನಾಲ್ಕು ದಾಟಿತ್ತಾ? ಆಮೇಲಾದ್ರೂ ಒಂದು ಮಾತು ಹೇಳ್ಲಿಲ್ಲವಲ್ರೀ.”

“ಹೇಳಿದ್ರೆ ಭಯ ಆಗತ್ತೆ ಅಂತ.”

“ಯಾರಿಗೆ, ನಂಗಾ?”

“ನಂಗೆ.”

ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು, ಮತ್ತೆ ಹಾಕಿಕೊಂಡಳು, ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು.

“ಬಿಡಬೇಡಿ ಇನ್ನೂ,” ಎಂದಳು. “ಮೊದಲ್ನೇ ಕಿಟಕಿಯಿಂದ ಇನ್ನೊಂದು ಸಲ ನೋಡ್ತೀನಿ.”