ಒಂದು ಕಣ್ಣು ಸಾಕಾಗುವ ಜಾಗ

ಅಕ್ಕ ನನ್ನನ್ನು ಮನೆಗೆ ಕರೆಸುವುದು ಎರಡೇ ಕಾರಣಕ್ಕೆ. ಒಂದು, ಅವಳ ಕನ್ನಡಕದ ಕಡ್ಡಿ ಮುರಿದಾಗ. ಇನ್ನೊಂದು, ಮಗಳಿಗೆ ತಾನು ಹೇಳಲಾಗದ ಮಾತನ್ನು ನನ್ನ ಬಾಯಿಂದ ಹೇಳಿಸಬೇಕಾದಾಗ. ಆ ಭಾನುವಾರ ಬೆಳಿಗ್ಗೆ ಅವಳ ಕನ್ನಡಕ ಗಟ್ಟಿಮುಟ್ಟಾಗಿಯೇ ಇತ್ತು.

"ನೀನು ಕನ್ನಡಕದ ಅಂಗಡಿಯವಳು, ನಿನ್ನ ಮಾತಾದ್ರೆ ಕೇಳ್ತಾಳೆ," ಅಂತ ಅಡುಗೆಮನೆಯಲ್ಲೇ ಪಿಸುಗುಟ್ಟಿದಳು. "ಆ ಗುಂಡು ಹಾರಿಸೋ ಆಟ ಆಡ್ತಾ ಇದ್ರೆ ಇರೋ ಒಂದು ಕಣ್ಣೂ ಹೋಗುತ್ತೆ ಅಂತ ಹೇಳ್ಬಿಡು. ಕಂಪ್ಯೂಟರನ್ನ ಇವತ್ತೇ ಅಣ್ಣನ ಮನೆಗೆ ಸಾಗಹಾಕ್ತೀನಿ."

"ಡಾಕ್ಟರು ಏನಂದ್ರು?"

"ಆಗಾಗ ಎದ್ದು ದೂರ ನೋಡ್ತಿರ್ಲಿ, ಏನೂ ಆಗಲ್ಲ ಅಂದ್ರು. ಅವರಿಗೇನು, ಅವರ ಮಗಳಾ?"

ನನಗೆ ರೇಗಿತು. ಆದರೆ ಅವಳ ಮುಖ ನೋಡಿ ನುಂಗಿಕೊಂಡೆ. ಹೋದ ವರ್ಷ ಕಾಲೇಜಿನಲ್ಲಿ ಬ್ಯಾಡ್ಮಿಂಟನ್ ಆಡುವಾಗ ಶಟಲ್ ಬಡಿದು ಅಕ್ಕನ ಮಗಳ ಬಲಗಣ್ಣಿನ ದೃಷ್ಟಿ ಪೂರ್ತಿ ಹೋಗಿತ್ತು. ಆಮೇಲೆ ಅವಳು ನೀರು ಬಗ್ಗಿಸಿದರೆ ಲೋಟದ ಪಕ್ಕಕ್ಕೆ ಬೀಳುತ್ತಿತ್ತು. ಬಾಗಿಲ ಹಿಡಿಗೆ ಕೈ ಚಾಚಿದರೆ ಗೇಣು ಈಚೆಗೇ ಬೆರಳು ಮುಚ್ಚಿಕೊಂಡು ಗಾಳಿ ಹಿಡಿಯುತ್ತಿದ್ದಳು. ಎರಡು ಕಣ್ಣುಗಳು ಒಂದೇ ವಸ್ತುವನ್ನು ಕೊಂಚ ಬೇರೆಬೇರೆ ಕಡೆಯಿಂದ ನೋಡುವುದರಿಂದಲೇ ಅದು ಎಷ್ಟು ಹತ್ತಿರವಿದೆ ಎಂದು ನಮಗೆ ತಟ್ಟನೆ ತಿಳಿಯುವುದು. ಕೇಳದಿದ್ದರೂ ಗಿರಾಕಿಗಳಿಗೆಲ್ಲ ಇದನ್ನು ಪುಕ್ಕಟೆ ವಿವರಿಸುವವಳು ನಾನು. ಹೋಗಲಿ, ಒಂದು ಸುಳ್ಳಿನಿಂದ ಅಕ್ಕನ ಜೀವ ನಿರಾಳವಾಗುವುದಾದರೆ ಹೇಳಿಬಿಡೋಣ ಎಂದುಕೊಂಡು ಹುಡುಗಿಯ ಕೋಣೆಗೆ ಹೋದೆ.

ಅವಳು ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದಳು. "ಬಾ ಚಿಕ್ಕಮ್ಮ, ಕೂತ್ಕೋ. ಆಟದ ಮಧ್ಯೆ ಮಾತ್ರ ಮಾತಾಡಿಸ್ಬೇಡ. ಇವತ್ತು ಆಯ್ಕೆ ಪಂದ್ಯ, ಚೆನ್ನಾಗಿ ಆಡಿದ್ರೆ ತಂಡಕ್ಕೆ ತಗೋತಾರೆ."

ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಆಟ ಶುರುವಾಯಿತು.

ಮೊದಲು ನನಗೆ ತಲೆಸುತ್ತು ಬಂತು. ಪರದೆಯ ಮೇಲೆ ಓಣಿ, ಗೋಡೆ, ಮೆಟ್ಟಿಲು ಎಲ್ಲ ರಪರಪನೆ ಹಿಂದಕ್ಕೆ ಓಡುತ್ತಿದ್ದವು. ಯಾವುದನ್ನು ನೋಡಬೇಕೆಂದು ತಿಳಿಯದೆ ಅವಳ ಕೈ ನೋಡಿದೆ. ಇವರೆಲ್ಲ ಮೌಸನ್ನು ಬೆರಳಲ್ಲಿ ಕೆದಕುತ್ತಾರೆ ಅಂದುಕೊಂಡಿದ್ದೆ. ಇವಳ ಇಡೀ ತೋಳು ಮೇಜು ಒರೆಸುವ ಹಾಗೆ ಬೀಸಿ ಹೋಗುತ್ತಿತ್ತು, ಗುರಿಯ ಹತ್ತಿರ ಬಂದಾಗ ಉಳಿದ ಕೂದಲೆಳೆಯಷ್ಟನ್ನು ಮಾತ್ರ ಬೆರಳು ಸರಿಪಡಿಸುತ್ತಿತ್ತು. ಪರದೆಯ ನಟ್ಟನಡುವೆ ಗುರಿ ತೋರಿಸುವ ಒಂದು ಹಸಿರು ಚುಕ್ಕೆ ಇತ್ತು.

"ಆ ಚುಕ್ಕೆ ಅಲ್ಲಾಡೋದೇ ಇಲ್ಲ ಚಿಕ್ಕಮ್ಮ," ಅಂದಳು, ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವ ಮಧ್ಯೆ. "ಊರನ್ನೇ ತಂದು ಅದರ ಕೆಳಗೆ ಇಡ್ಬೇಕು. ಎದುರಾಳಿ ಕಂಡ ಮೇಲೆ ಗುರಿ ಹುಡುಕ್ತಾ ಕೂತ್ರೆ ಕಥೆ ಮುಗೀತು. ಅವನ ತಲೆ ಎಲ್ಲಿ ಬರುತ್ತೋ ಅಲ್ಲಿ ಮೊದಲೇ ಕಾಯ್ತಾ ಇರ್ಬೇಕು."

"ಓಡ್ತಾ ಓಡ್ತಾನೇ ಹೊಡೀತೀಯಲ್ಲೇ!"

"ಇಲ್ಲಪ್ಪ, ಓಡ್ತಾ ಹೊಡೆದ್ರೆ ಗುಂಡು ಚೆಲ್ಲಾಪಿಲ್ಲಿ. ಎಡಕ್ಕೆ ಓಡುವಾಗ ಬಲದ ಕೀ ಒಂದ್ಸಲ ತಟ್ಟಿದ್ರೆ ಗಕ್ಕನೆ ನಿಲ್ತೀವಿ. ಆಗ ಹೊಡೆದು ಮತ್ತೆ ಓಡೋದು. ಆ ನಿಲ್ಲೋದು ನಿಂಗೆ ಕಾಣಲ್ಲ ಅಷ್ಟೇ."

ಹೇಳಿಕೊಟ್ಟ ಮೇಲೆ ಕಂಡಿತು. ಅರ್ಧ ಇಳಿದ ಶಟರಿನ ಕೆಳಗೆ ಜಾರಿ ನುಗ್ಗಿದಳು, ಪೆಟ್ಟಿಗೆಯ ಮೇಲೆ ಹಾರಿದಳು, ಗಾಳಿಯಲ್ಲಿರುವಾಗಲೇ ಹಿಂದಕ್ಕೆ ತಿರುಗಿದಳು, ನೆಲ ಮುಟ್ಟಿ ನಿಂತಳು. ಆ ನಿಂತ ಕ್ಷಣದಲ್ಲೇ ಮೂಲೆಯಿಂದ ಇಣುಕಿದವನು ಬಿದ್ದಿದ್ದ. ಅವನು ಇಣುಕುವ ಮೊದಲೇ ಚುಕ್ಕೆ ಅಲ್ಲಿತ್ತು! ನನ್ನ ಮೈ ಜುಮ್ಮೆಂದಿತು. ಲೋಟಕ್ಕೆ ನೀರು ಬಗ್ಗಿಸಲಾರದ ಹುಡುಗಿಯೇ ಇವಳು? ಕೊನೆಯ ಮೆಟ್ಟಿಲನ್ನು ಕಾಲಲ್ಲಿ ತಡವಿ ಹುಡುಕುವವಳು?

ಅಂಗಡಿಯಲ್ಲಿ ದಿನವಿಡೀ ಬೇರೆಯವರಿಂದ ಮಾಡಿಸುವುದನ್ನು ಆಗ ನಾನೇ ಮಾಡಿದೆ. ಬಲಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡೆ. ಪರದೆಯಲ್ಲಿ ಏನೇನೂ ಬದಲಾಗಲಿಲ್ಲ. ಅಂಗೈ ತೆಗೆದೆ, ಮತ್ತೆ ಇಟ್ಟೆ. ಅದೇ ಓಣಿ, ಅದೇ ಗೋಡೆ, ಅಷ್ಟೇ ದೂರ. ಒಂದು ಕೂದಲಿನಷ್ಟೂ ಕಡಿಮೆಯಾಗಲಿಲ್ಲ. ಪರದೆ ಚಪ್ಪಟೆ, ಅದನ್ನು ಒಂದರಲ್ಲಿ ನೋಡಿದರೇನು, ಎರಡರಲ್ಲಿ ನೋಡಿದರೇನು! ಆ ಓಣಿಯಲ್ಲಿ ಓಡುತ್ತಿದ್ದವರೆಲ್ಲ ಒಕ್ಕಣ್ಣರೇ. ಅವರ ಎರಡನೆಯ ಕಣ್ಣು ಇಲ್ಲಿ ದಂಡ. ಇಷ್ಟು ವರ್ಷ ಕಣ್ಣಿನ ವಿಚಾರದಲ್ಲೇ ಅನ್ನ ತಿಂದ ನನಗೆ ಇದು ಹೊಳೆದಿರಲಿಲ್ಲವಲ್ಲ ಎಂದು ಬೆರಗಾಯಿತು.

"ನಿಂಗೆ ಗೊತ್ತಿತ್ತೇನೇ," ಅಂದೆ, ಮಾತಾಡಬಾರದೆಂಬುದನ್ನೂ ಮರೆತು. "ಇಲ್ಲಿ ಎಲ್ಲರದ್ದೂ ಒಂದೇ ಕಣ್ಣಿನ ಲೆಕ್ಕ ಅಂತ?"

"ಗೊತ್ತಿಲ್ದೆ ಏನು?" ಅಂದಳು. "ಯಾರೂ ನನ್ನ ಕೈ ಹಿಡ್ಕೊಂಡು ನಡೆಸದೆ ಇರೋ ಜಾಗ ಇದೊಂದೇ ಚಿಕ್ಕಮ್ಮ."

ನಾಲಗೆಯ ತುದಿಯ ಸುಳ್ಳನ್ನು ನುಂಗಿಬಿಟ್ಟೆ. ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಹೇಳಿದ್ಯಾ ಎಂದು ಹುಬ್ಬಿನಲ್ಲೇ ಕೇಳುತ್ತಿದ್ದಳು. ಎದ್ದು ಹೋಗಿ ಅವಳ ತೋಳು ಹಿಡಿದು ಎಳೆದು ತಂದೆ, ಕನ್ನಡಕದ ಕೆಳಗಿಂದ ಅಂಗೈ ತೂರಿಸಿ ಅವಳ ಬಲಗಣ್ಣನ್ನು ಮುಚ್ಚಿದೆ.

"ಏನೇ ಇದು ಹುಚ್ಚಾಟ!"

"ಬಾಯಿ ಮುಚ್ಕೊಂಡು ನೋಡು. ನಿನ್ನ ಮಗಳು ನೋಡೋ ಹಾಗೆ ನೋಡು."

ಕೊನೆಯ ಸುತ್ತು. ಜೊತೆಯವರೆಲ್ಲ ಸತ್ತು ಇವಳೊಬ್ಬಳೇ ಉಳಿದಿದ್ದಳು, ಎದುರಿಗೆ ಇಬ್ಬರು. ಅಕ್ಕ ಗೊಣಗುತ್ತಲೇ ಇದ್ದಳು. ಹುಡುಗಿ ಮೆಟ್ಟಿಲನ್ನು ಮೂರು ಮೂರಾಗಿ ಹಾರಿ ಏರಿದಳು. ಅಕ್ಕನ ಗೊಣಗಾಟ ನಿಂತಿತು. ಸೇತುವೆಯ ಕಂಬಿಯ ಮೇಲೆ ಓಡಿ, ಹಾರಿ, ಗೋಡೆಗೆ ಕಾಲೊದ್ದು ಆಚೆ ಇಳಿದಳು. ಅಕ್ಕನ ಉಸಿರು ನನ್ನ ಮಣಿಕಟ್ಟಿಗೆ ಬಿಸಿಯಾಗಿ ತಾಗುತ್ತಿತ್ತು. ಹುಡುಗಿ ಗಕ್ಕನೆ ನಿಂತಳು, ಒಂದು ಗುಂಡು, ಒಬ್ಬ ಬಿದ್ದ. ಅಷ್ಟರಲ್ಲಿ ಪರದೆಯ ಬಲತುದಿಯಲ್ಲಿ ಒಂದು ನೆರಳು ಸರಿಯಿತು.

"ಬಲಗಡೆ!" ಹೆಡ್‌ಫೋನು ದಾಟಿ ಕೇಳುವಂತೆ ಅಕ್ಕ ಕಿರುಚಿದಳು. "ಬಲಗಡೆ ನೋಡೇ ಮಗಳೇ!"

ಹುಡುಗಿಯ ತೋಳು ಆಗಲೇ ಬೀಸಿಯಾಗಿತ್ತು. ನೆರಳಿನವನು ಕೆಳಗೆ ಉರುಳಿದ. ಹೆಡ್‌ಫೋನಿನಲ್ಲಿ ಯಾರ‍್ಯಾರೋ ಕೇಕೆ ಹಾಕುತ್ತಿರುವುದು ನಮಗೂ ಕೇಳಿಸಿತು.

"ಕಂಡಿತ್ತಮ್ಮ," ಅಂದಳು ಹುಡುಗಿ.

ಅಕ್ಕ ಮಂಚದ ಅಂಚಿನಲ್ಲಿ ಕೂತಳು. ನನ್ನ ಅಂಗೈ ಒದ್ದೆಯಾಗಿತ್ತು. ತೆಗೆಯಲು ಹೋದರೆ ಅವಳು ಬಿಡಲಿಲ್ಲ, ನನ್ನ ಕೈಯನ್ನು ತನ್ನ ಬಲಗಣ್ಣಿಗೆ ಇನ್ನೂ ಬಿಗಿಯಾಗಿ ಒತ್ತಿ ಹಿಡಿದುಕೊಂಡಳು.

"ಇರು," ಅಂದಳು. "ಇನ್ನೊಂದಾಟ ನೋಡ್ತೀನಿ."